ಬಾಣಂತನದ ಲೆಕ್ಕಕ್ಕೆ ಸೇರಿಸಿದ ರೋಗ

ಎದೆಯಲ್ಲಿದ್ದ ಗಂಟನ್ನು ಮನೆಯವರೆಲ್ಲ ಹಾಲು ಕಟ್ಟಿದ್ದೆಂದೇ ತಿಳಿದರು. ಅಟ್ಟೂರಿನ ತವರಿನಲ್ಲಿ ಬಾಣಂತಿಯಾಗಿದ್ದ ಗಂಗರತ್ನಮ್ಮನಿಗೆ ತಾಯಿ ಶಾಖ ಕೊಟ್ಟಳು, ಮಲ್ಲಿಗೆ ಹೂ ಇಟ್ಟು ಬಟ್ಟೆ ಕಟ್ಟಿದಳು. ಗಂಟು ಕರಗಲಿಲ್ಲ, ಕಲ್ಲಾಯಿತು. ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಚೂರು ಕತ್ತರಿಸಿ ಪರೀಕ್ಷೆ ಮಾಡಿದ ಡಾಕ್ಟರು, ಕ್ಯಾನ್ಸರ್ ಎಂದರು. ಎದೆ ತೆಗೆಯಬೇಕು, ಆಮೇಲೆ ಕರೆಂಟು, ಅಂದರೆ ರೇಡಿಯೇಶನ್, ಕೊಡಬೇಕು. ಅವಳಿಗಿನ್ನೂ ಇಪ್ಪತ್ತೆರಡು ವರ್ಷ.

ಜಾಲಹಳ್ಳಿಯಿಂದ ಅತ್ತೆ ಮುನಿಕೆಂಪಮ್ಮ ಹೇಳಿಕಳಿಸಿದ್ದು ಇಷ್ಟೇ: "ಬಾಣಂತನದಾಗೆ ಬಂದಿದ್ದು. ಬಾಣಂತನದ ಖರ್ಚು ತವರಿನೋರ್ದು. ವಾಸಿ ಮಾಡ್ಸಿ ಕಳುಸ್ಲಿ."

ಅಪ್ಪ ಚಿಕ್ಕಹನುಮಯ್ಯ ಎದುರಾಡಲಿಲ್ಲ. ಬೆಳಿಗ್ಗೆಯೇ ಜೋಡೆತ್ತಿನ ಮೈ ತಿಕ್ಕಿ ಕೊಂಬಿಗೆ ಎಣ್ಣೆ ಸವರತೊಡಗಿದ. ಅವು ಸಂತೆಗೆ ಹೊರಟಿವೆಯೆಂದು ಗಂಗರತ್ನಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಇವುನ್ನ ಮಾರಿ ನೇಗ್ಲಿಗೆ ಯಾರ್ನ ಕಟ್ಟೀಯಪ್ಪಾ? ನನ್ನಾ?"

"ಸುಮ್ಕಿರವ್ವ. ನಡ್ಕೊಂಡು ಬಂದಿದ್ದೇ ಇಂಗೆ."

"ಫ್ಯಾಕ್ಟ್ರಿಯೋರು ಎಂಡ್ತಿ ಆಸ್ಪತ್ರೆ ಖರ್ಚೂ ಕೊಡ್ತಾರೆ ಅಂತ ಮದ್ವೇಲಿ ನಿನ್ನಳಿಯಂದ್ರು ಮೀಸೆ ತಿರುವಿ ವಾಚು ಇಸ್ಕೊಂಡ್ರಲ್ಲ, ಅದೆಲ್ಲೋಯ್ತು? ಕಟ್ಟು ಗಾಡಿಯ. ಜಾಲಹಳ್ಳಿಗೆ!"

ಫ್ಯಾಕ್ಟರಿ ಕ್ವಾರ್ಟರ್ಸಿನ ಮುಂದೆ ಗಾಡಿ ನಿಂತು, ಮಗುವನ್ನೆತ್ತಿಕೊಂಡು ಗಂಗರತ್ನಮ್ಮ ಇಳಿದದ್ದೇ ಅಕ್ಕಪಕ್ಕದ ಕಿಟಕಿಗಳೆಲ್ಲ ತೆರೆದುಕೊಂಡವು. ಮುನಿಕೆಂಪಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಮಡ್ಲಕ್ಕಿ ಇಲ್ಲ, ಒಳ್ಳೆ ದಿನ ನೋಡ್ಲಿಲ್ಲ, ಇಂಗಾ ಬರೋದು?"

"ಒಳ್ಳೆ ದಿನ ಬರೋಗಂಟ ನಾನಿರ್ಬೇಕಲ್ಲತ್ತೆ."

ರಜೆಯೆಂದು ಮನೆಯಲ್ಲೇ ಇದ್ದ ಗಂಡ ರಾಮಕೃಷ್ಣಪ್ಪ ಅಮ್ಮನ ಬೆನ್ನ ಹಿಂದೆ ಬಂದು ನಿಂತು, "ಜನ ನೋಡ್ತಾವ್ರೆ, ಮೆತ್ತಗೆ ಮಾತಾಡು," ಎಂದ. ಗಂಗರತ್ನಮ್ಮನಿಗೆ ಅಲ್ಲಿಯವರೆಗೆ ತಡೆದಿದ್ದ ಸಿಟ್ಟು ನೆತ್ತಿಗೇರಿತು.

"ನೋಡ್ಲಿ! ಗಂಡುಮಗು ಉಟ್ತು ಅಂದಿದ್ದೇ ಬೀದಿಗೆಲ್ಲಾ ಸಕ್ಕರೆ ಹಂಚುದ್ರಲ್ಲ, ಆಗ ಜನ ನೋಡ್ಲಿಲ್ವಾ? ಮಗು ನಿಮ್ದು. ಅದು ಕುಡ್ದ ಎದೆ ಮಾತ್ರ ನಮ್ಮಪ್ಪಂದಾ?"

ಮುನಿಕೆಂಪಮ್ಮ ಮಗನ ಮುಖ ನೋಡಿದಳು. ಮಗ ನೆಲ ನೋಡಿದ.

"ನಾಳೆ ಆಫೀಸ್ನಾಗೆ ಕೇಳ್ತೀನಿ," ಎಂದ ಕಡೆಗೆ.

"ಕೇಳೋದೇನೈತೆ? ಫ್ಯಾಕ್ಟ್ರಿ ಪುಸ್ತಕ್ದಾಗೆ ಎಂಡ್ತಿ ಅಂತ ನನ್ನೆಸ್ರು ಬರ್ಸಿದೀರೋ, ಇಲ್ವೋ?"

ರಾಮಕೃಷ್ಣಪ್ಪ ಕತ್ತು ಕೆರೆದುಕೊಂಡ. ಮದುವೆಯಾಗಿ ಎರಡು ವರ್ಷವಾದರೂ ಬರೆಸಿರಲಿಲ್ಲ.

ಅವಳಿಗೆ ಅಳು ಬರಲಿಲ್ಲ. ಮಗುವನ್ನು ಅವನ ಎರಡೂ ಕೈ ತುಂಬುವಂತೆ ಹಾಕಿದಳು. ಈಗ ಅವನು ಎಲ್ಲಿಗೂ ಜಾರಿಕೊಳ್ಳುವಂತಿರಲಿಲ್ಲ.

"ಇದ್ಕೆ ಎದೆಹಾಲು ಬಿಡುಸ್ಬೇಕು ಅಂದವ್ರೆ ಡಾಕ್ಟ್ರು. ಅಳ್ತೈತೆ, ಎತ್ಕೊಂಡು ಕಲೀರಿ. ನಾಳೆ ನಾನೂ ಬರ್ತೀನಿ ಫ್ಯಾಕ್ಟ್ರಿ ಗೇಟಿಗೆ."

ಅತ್ತೆಯ ಭುಜ ಸರಿಸಿ ಒಳಗೆ ಹೋದಳು.