ಸನ್ಮಾನದ ಶಾಲುಗಳ ಕೌದಿ

ಕಾರಿನಿಂದ ಇಳಿದವರೇ ಶಾಲುಗಳ ಗಂಟನ್ನು ನನ್ನ ಮುಂದಿಟ್ಟು, "ಇವನ್ನೆಲ್ಲ ಕೂಡಿಸಿ ಒಂದು ಕೌದಿ ಹೊಲದು ಕೊಡ್ತಿಯೇನು ತಂಗಿ?" ಎಂದರು. ನಮ್ಮ ಕಂಪ್ಲಿಯ ಗೋಡೆಗಳ ಮೇಲೆಲ್ಲ ಪೋಸ್ಟರಿನಲ್ಲಿ ಕೈಮುಗಿದು ನಿಂತಿರುವ ಮುಖ ಅದು. ಎಡವೂ ಅಲ್ಲ, ಬಲವೂ ಅಲ್ಲ, ನಮ್ಮದು ನಡುವಿನ ದಾರಿ ಎನ್ನುವ ಪಕ್ಷದ ಅಧ್ಯಕ್ಷೆ.

ಚುನಾವಣೆ ಹತ್ತಿರ ಬಂದಿತ್ತು. ಕೌದಿಗೆಂದು ಹಳೇ ಸೀರೆ ತರುವವರನ್ನು ಕಂಡಿದ್ದೆ, ಸನ್ಮಾನದ ಶಾಲು ತಂದವರನ್ನು ಕಂಡಿರಲಿಲ್ಲ. ಇವತ್ತು ಒಂದು ಎನ್ನುತ್ತಾರೆ, ನಾಳೆ ಓಟಿಗೆ ಹಂಚಲು ನೂರು ಹೊಲಿ ಎನ್ನುತ್ತಾರೆ. ಸಿಕ್ಕಿಬಿದ್ದರೆ ನನ್ನ ಹೆಸರೂ ಬರುತ್ತದೆ. ಗಂಟು ಬಿಚ್ಚಿದರೆ ಎಲ್ಲ ಪಕ್ಷಗಳ ಬಣ್ಣವೂ ಇತ್ತು. ಯಾವ ಪಕ್ಷದ ಮನೆಗೆ ಹಂಚಿದರೂ ನಡೆಯುತ್ತದಲ್ಲ ಎಂದು ಅನುಮಾನ ಇನ್ನಷ್ಟು ಬಲಿಯಿತು.

"ಯಾರಿಗೆ ಹಂಚಾಕ್ರಿ ಮೇಡಂ?" ಎಂದು ಕೇಳಿಯೇಬಿಟ್ಟೆ.

ಅವರು ನಗಲಿಲ್ಲ. "ನನಗ ಹೊದಿಯಾಕ, ತಂಗಿ. ಇಷ್ಟು ವರ್ಷ ಎಲ್ಲಾರೂ ಹೊದಿಸಿ ಫೋಟೊ ತಗಿಸ್ಕೊಂಡು ಹೋದ್ರು. ಒಂದೂ ಚಳಿ ತಡಿಯಾಂಗಿಲ್ಲ."

ಒಂದೇ ಕೌದಿ ಒಯ್ದರು. ಎರಡನೆಯದನ್ನು ಕೇಳಲೇ ಇಲ್ಲ. ನನ್ನ ಅನುಮಾನ ಮಾತ್ರ ಹೋಗಿಲ್ಲ, ಬೇರೆಯವರ ಮೇಲೆ ತಿರುಗಿದೆ. ಈಗ ಪೇಪರಿನಲ್ಲಿ ಅವರಿಗೆ ಶಾಲು ಹೊದಿಸುವ ಫೋಟೊ ಬಂದರೆ, ಹೊದಿಸುವವರ ಕಣ್ಣು ಎಲ್ಲಿದೆ ಎಂದು ನೋಡುತ್ತೇನೆ. ಅದು ಕ್ಯಾಮೆರಾದ ಮೇಲೇ ಇರುತ್ತದೆ.