ಬಂಡೆಯ ಮೇಲೆ ತಟ್ಟೆ ಬಡಿದವಳು ನಾನು

ಬೇಲೂರು ದಾಟಿ ಗುಡ್ಡಗಳ ಕಡೆಗೆ ಹೋಗುವ ದಾರಿಯಲ್ಲಿ ಒಂದು ಹೋಮ್‌ಸ್ಟೇ ಇದೆ. ಅಲ್ಲಿಗೆ ಬಂದವರಿಗೆಲ್ಲ ಈಗ ಒಂದು ಕಥೆ ಹೇಳುತ್ತಾರೆ. ಮಂಜು ಕವಿದ ಒಂದು ಮಧ್ಯಾಹ್ನ ಕಣಿವೆಯಲ್ಲಿ ದಾರಿ ತಪ್ಪಿದ ಯಜಮಾನರೊಬ್ಬರನ್ನು ಗುಡ್ಡದ ತಾಯಿ ಅವರ ತಮ್ಮನ ಮಗಳ ರೂಪದಲ್ಲಿ ಬಂದು ಮೇಲಕ್ಕೆ ಕರೆತಂದಳಂತೆ. ದೇವರೇ ಇಲ್ಲ ಎಂದು ವಾದಿಸುತ್ತಿದ್ದ ಆ ಹುಡುಗಿ ಅದನ್ನು ಕಂಡು ಬಂಡೆಯ ಮೇಲೇ ಕುಸಿದು ಗಳಗಳನೆ ಅತ್ತಳಂತೆ. ಕಥೆ ಮುಗಿದ ಮೇಲೆ ಬಂಡೆಯನ್ನೂ ತೋರಿಸುತ್ತಾರೆ. ಅದಕ್ಕೆ ಅರಿಶಿನ ಕುಂಕುಮ ಬಳಿದಾಗಿದೆ. ಜನ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ಆ ಹುಡುಗಿ ನಾನೇ. ನಾನು ಕುಸಿಯಲಿಲ್ಲ, ಅಳಲೂ ಇಲ್ಲ. ತೋಳು ನೋಯುತ್ತಿತ್ತು, ಅಷ್ಟೆ. ಆ ಕಣಿವೆಯಲ್ಲಿ ತಾಯಿಯೊಬ್ಬಳಿದ್ದಾಳೆ ಎನ್ನುವುದು ಮಾಲೀಕ ಲೋಕಪ್ಪನವರಿಗೂ ಅಂದಿನವರೆಗೆ ಗೊತ್ತಿರಲಿಲ್ಲ. ನಾವು ಹೋದ ದಿನ ಅವರು ಹೆಮ್ಮೆಯಿಂದ ತೋರಿಸಿದ್ದರಲ್ಲಿ ಒಂದು ಉಯ್ಯಾಲೆ ಇತ್ತು, ಬಾತುಕೋಳಿಗಳ ಕೊಳ ಇತ್ತು. ದೇವರು ಇರಲಿಲ್ಲ.

"ನನಗೊಂದು ವಿಚಿತ್ರ ಅನುಭವವಾಯಿತು" ಎಂದು ಶುರುಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಈಗಲೂ ಅದು ಹೋಗಿಲ್ಲ. ಕಾನೂನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ತಯಾರಾದವಳು ನಾನು. ಎದುರಿನವನ ಮಾತಿನಲ್ಲಿ ಸಡಿಲವಾಗಿರುವುದು ಯಾವುದು ಎಂದು ಹುಡುಕುವುದೇ ಅಲ್ಲಿಯ ವಿದ್ಯೆ. ದೆವ್ವ ಕಂಡವರ ಮಾತಿನಲ್ಲಂತೂ ಹುಡುಕುವ ಕಷ್ಟವೂ ಇಲ್ಲ. ಒಂದೋ ಕತ್ತಲಿರುತ್ತದೆ, ಇಲ್ಲವೇ ಜ್ವರ ಬಂದಿರುತ್ತದೆ, ಇಲ್ಲವೇ ಸಾಕ್ಷಿ ಹೇಳಬೇಕಾದವರು ತೀರಿಕೊಂಡಿರುತ್ತಾರೆ. ನನ್ನ ವಿಷಯದಲ್ಲಿ ತೊಂದರೆ ಏನೆಂದರೆ, ಆಗ ಹಗಲಿತ್ತು, ಯಾರಿಗೂ ಜ್ವರವಿರಲಿಲ್ಲ, ಸಾಕ್ಷಿಗಳೆಲ್ಲ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದಾರೆ.

ನಾವು ಅಲ್ಲಿಗೆ ಹೋದದ್ದು ಹೆಸರಿಗೆ ವಿಹಾರ. ನಿಜವಾದ ಉದ್ದೇಶ ದೊಡ್ಡಪ್ಪನನ್ನು ಒಪ್ಪಿಸುವುದಾಗಿತ್ತು. ದೊಡ್ಡಪ್ಪನಿಗೆ ಕಣಕಟ್ಟೆ ಹತ್ತಿರ ತೆಂಗಿನ ತೋಟವಿದೆ. ಒಬ್ಬಳೇ ಮಗಳು ಚೈತ್ರ ಅರಸೀಕೆರೆಯ ಬ್ಯಾಂಕೊಂದರಲ್ಲಿ ಕೆಲಸದಲ್ಲಿದ್ದಾಳೆ. ಅವಳು ಮದುವೆಯಾಗಬೇಕೆಂದಿದ್ದ ಸಿದ್ಧಾರ್ಥ ಕಾಲೇಜಿನಲ್ಲಿ ಗಣಿತ ಪಾಠ ಹೇಳುತ್ತಾನೆ. ಅಜ್ಜನ ಕಾಲಕ್ಕೇ ಬೌದ್ಧರಾದ ಮನೆ ಅವರದು; ಅಪ್ಪ ಅಮ್ಮ ಇಬ್ಬರೂ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ದೊಡ್ಡಪ್ಪನಿಗೆ ಇದ್ಯಾವುದೂ ಕಾಣಲಿಲ್ಲ. ಆ ಹುಡುಗನ ಮುತ್ತಾತ ತಮ್ಮ ತಾತನ ಹೊಲದಲ್ಲಿ ಆಳಾಗಿದ್ದ ಎನ್ನುವುದೊಂದೇ ಕಂಡಿತು. ಮೂರು ತಲೆಮಾರಿನ ಹಿಂದೆ ಯಾರು ಯಾರ ಹೊಲ ಉತ್ತರು ಎಂದು ನೋಡಿ ಗಂಡು ಆರಿಸುವವರ ಬಗ್ಗೆ ನನಗಿರುವ ಗೌರವವನ್ನು ಇಲ್ಲಿ ಬರೆಯುವುದು ಬೇಡ.

ಊರಿನಲ್ಲಿ ಮಾತೆತ್ತಿದರೆ ಕಿವಿ ಊದಲು ನೆಂಟರಿದ್ದರು. ಅದಕ್ಕೇ ಹಳೇಬೀಡು ಬೇಲೂರು ನೋಡಿಕೊಂಡು ಒಂದು ದಿನ ಗುಡ್ಡದಲ್ಲಿ ಇದ್ದು ಬರೋಣವೆಂದು ದೊಡ್ಡಪ್ಪ, ದೊಡ್ಡಮ್ಮ, ಚೈತ್ರ ಮೂವರನ್ನೂ ನಾನೇ ಕಾರಿನಲ್ಲಿ ಹೊರಡಿಸಿದೆ. ದಾರಿಯಲ್ಲಿ ಬಸ್ತಿಹಳ್ಳಿಯಲ್ಲಿ ನಿಂತೆವು. ಹಿರಿಯರಿಬ್ಬರೂ ರಸ್ತೆ ಬದಿಯಲ್ಲಿ ಕಡಲೆಕಾಯಿ ಕೊಂಡು ಕಾರಿನಲ್ಲೇ ಕುಳಿತರು. ಒಳಗೆ ಬಸದಿಯಲ್ಲಿ, ಮುಖ ಕಾಣುವಷ್ಟು ನುಣುಪಾದ ಕಂಬದ ಪಕ್ಕ, ಚೈತ್ರ ನನ್ನ ತೋಳು ಹಿಡಿದುಕೊಂಡಳು.

"ಈ ಸಲಾನೂ ಅಪ್ಪ ಒಪ್ಪಲಿಲ್ಲ ಅಂದ್ರೆ ನಾನು ಸಿದ್ಧಾರ್ಥನ್ನ ಬಿಟ್ಬಿಡ್ತೀನಿ ಕಣೇ. ಅಪ್ಪನ್ನ ಎದುರು ಹಾಕ್ಕೊಂಡು ಬದುಕೋಕೆ ನನ್ನಿಂದ ಆಗಲ್ಲ. ಅವನಿಗೂ ಇದನ್ನ ಹೇಳಿಲ್ಲ. ನೀನು ಸತ್ರೂ ಬಾಯಿ ಬಿಡಬಾರದು."

ಬಾಯಿ ಬಿಡುವ ಪ್ರಶ್ನೆಯೇ ಇರಲಿಲ್ಲ. ನಮ್ಮ ಕಡೆಯವಳೇ ಸೋಲೊಪ್ಪಲು ಸಿದ್ಧಳಿದ್ದಾಳೆ ಎಂದು ಎದುರಾಳಿಗೆ ಹೇಳುವಷ್ಟು ದಡ್ಡಿ ನಾನಲ್ಲ. ಅದು ತಿಳಿದರೆ ದೊಡ್ಡಪ್ಪ ವಾದ ಮಾಡುವ ಅಗತ್ಯವೂ ಇರಲಿಲ್ಲ, ಸುಮ್ಮನೆ ಕುಳಿತರೆ ಗೆಲ್ಲುತ್ತಿದ್ದರು.

ಲೋಕಪ್ಪನವರ ಹೋಮ್‌ಸ್ಟೇ ಗುಡ್ಡದ ಭುಜದ ಮೇಲಿದೆ. ಎದುರಿಗೆ ಒಂದರ ಹಿಂದೊಂದು ಗುಡ್ಡ, ಕೆಳಗೆ ಕಾಡು ತುಂಬಿದ ಇಕ್ಕಟ್ಟಾದ ಕಣಿವೆ, ಅದರ ತಳದಲ್ಲಿ ಹಳ್ಳ. ಜಾಗ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಜಗುಲಿಯ ಗೋಡೆಗೆ ಮಾತ್ರ ಮೊರ, ಒನಕೆ, ಕಂಚಿನ ತಟ್ಟೆ ಎಲ್ಲವನ್ನೂ ಮೊಳೆ ಹೊಡೆದು ನೇತುಹಾಕಿದ್ದರು. ಅವನ್ನು ಬಳಸುತ್ತಿದ್ದವರ ಮಕ್ಕಳೇ ದುಡ್ಡು ಕೊಟ್ಟು ಬಂದು ನೋಡಲಿ ಎಂದು.

ಊಟದ ಹೊತ್ತಿಗೆ ನಾನು ಮಾತು ತೆಗೆದೆ.

"ಏನವ್ವ ಲಾಯರಮ್ಮ, ಮುದ್ದೆ ನುಂಗಾಕಾದ್ರೂ ಬಿಡ್ತೀಯೋ ಇಲ್ವೋ?" ಅಂದರು ದೊಡ್ಡಪ್ಪ.

"ನುಂಗಿ ದೊಡ್ಡಪ್ಪ. ನುಂಗಿದ ಮೇಲೆ ಹೇಳಿ, ಸಿದ್ಧಾರ್ಥನಿಗೆ ಏನು ಕಮ್ಮಿ?"

"ಕಮ್ಮಿ ಅಂತ ನಾನೆಲ್ಲಂದೆ? ಹುಡುಗ ಚಿನ್ನದಂಥೋನೇ. ನಾಳೆ ನಾಲ್ಕು ಜನದ ಮುಂದೆ ತಲೆ ಎತ್ಕೊಂಡು ತಿರುಗಬೇಕಾದೋನು ನಾನು ಕಣವ್ವ, ನೀನಲ್ಲ."

"ಆ ನಾಲ್ಕು ಜನ ಯಾರು? ಹೆಸರು ಹೇಳಿ ನೋಡೋಣ."

ಪಾಪ, ಹೇಳಿಬಿಟ್ಟರು. ನಾನು ಒಬ್ಬೊಬ್ಬರ ಮನೆಯ ಸಂಗತಿಯನ್ನೂ ತೆಗೆದು ಎಲೆಯ ಮೇಲೆ ಬಡಿಸಿದಂತೆ ಬಡಿಸಿದೆ. ಯಾರು ತಮ್ಮನ ಪಾಲು ನುಂಗಿದರು, ಯಾರು ಸೊಸೆಯನ್ನು ತವರಿಗೆ ಅಟ್ಟಿದರು, ಯಾರು ಕುಡಿದು ಚರಂಡಿಯಲ್ಲಿ ಸಿಕ್ಕರು. ದೊಡ್ಡಮ್ಮನೇ ನಕ್ಕುಬಿಟ್ಟರು. ದೊಡ್ಡಪ್ಪ ನಗಲಿಲ್ಲ. ಎದ್ದು ಕೈ ತೊಳೆದು, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿಕೊಂಡರು.

"ಮಾತು ನಿಂದು ಗೆಲ್ತು. ಮಗಳು ನನ್ನೋಳು," ಎಂದವರೇ ಕಣಿವೆಯ ಕಾಲುದಾರಿ ಹಿಡಿದು ಇಳಿದುಹೋದರು.

ಕೋಪ ಇಳಿದ ಮೇಲೆ ಬರುತ್ತಾರೆ ಎಂದುಕೊಂಡೆವು. ಅಷ್ಟರಲ್ಲಿ ಮಂಜು ಇಳಿಯಿತು. ಮೊದಲು ಎದುರಿನ ಗುಡ್ಡ ಹೋಯಿತು, ಆಮೇಲೆ ಕಣಿವೆ ಹೋಯಿತು, ಕೊನೆಗೆ ಉಯ್ಯಾಲೆಯೂ ಕಾಣದಾಯಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಹಳ್ಳದ ಆ ಬದಿಗೆ ಬಂಡೆಗಳು ಕಡಿದಾಗಿ ಇಳಿಯುತ್ತವೆ, ಹೋದ ವರ್ಷ ಒಂದು ಹಸು ಬಿದ್ದು ಸತ್ತಿತ್ತು ಎಂದು ಲೋಕಪ್ಪನವರು ಆಗ ಬಾಯಿಬಿಟ್ಟರು. ಊಟಕ್ಕೆ ಮೊದಲು ಬಾತುಕೋಳಿ ತೋರಿಸುವಾಗ ಇದನ್ನು ಹೇಳಬಹುದಿತ್ತು. ಚೈತ್ರ "ಅಪ್ಪಾ" ಎಂದು ಕೂಗುತ್ತಿದ್ದಳು, ದೊಡ್ಡಮ್ಮ "ರೀ, ಎಲ್ಲಿದ್ದೀರೀ" ಎಂದು ಅಳುತ್ತಿದ್ದರು, ಲೋಕಪ್ಪನವರು ಆ ಕಡೆ ಈ ಕಡೆ ಓಡಾಡುತ್ತ ಸೀಟಿ ಊದುತ್ತಿದ್ದರು. ಆ ಕಣಿವೆಯಲ್ಲಿ ಪ್ರತಿ ಕೂಗೂ ನಾಲ್ಕು ದಿಕ್ಕಿನಿಂದ ತಿರುಗಿ ಬರುತ್ತಿತ್ತು.

ನಮ್ಮೂರ ಕಡೆ ಗುಡ್ಡಕ್ಕೆ ದನ ಹೊಡೆದುಕೊಂಡು ಹೋಗುವವರಲ್ಲಿ ಒಂದು ಪದ್ಧತಿ ಇತ್ತು. ನಾವು ಚಿಕ್ಕವರಿದ್ದಾಗ ದೊಡ್ಡಪ್ಪನೇ ಹೇಳಿದ್ದು. ಮಂಜಿನಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಯಾರೂ ಕೂಗುವಂತಿಲ್ಲ, ಹುಡುಕಿಕೊಂಡು ಹೋಗುವಂತಿಲ್ಲ. ಒಬ್ಬರು ಮಾತ್ರ ಎತ್ತರದ ಬಂಡೆಯ ಮೇಲೆ ನಿಂತು ತಟ್ಟೆ ಬಡಿಯಬೇಕು. ಬಡಿಯುವವರು ಜಾಗ ಬಿಡಬಾರದು, ಬಾಯಿ ತೆರೆಯಬಾರದು, ತಪ್ಪಿಸಿಕೊಂಡವನು ಕಣ್ಣಿಗೆ ಬೀಳುವವರೆಗೆ ತಟ್ಟೆಯನ್ನು ಇನ್ನೊಬ್ಬರ ಕೈಗೆ ಕೊಡಬಾರದು. ಇದರಲ್ಲಿ ಭಕ್ತಿ ಏನೂ ಇಲ್ಲ. ಸದ್ದು ಒಂದೇ ಕಡೆಯಿಂದ ಒಂದೇ ಹದದಲ್ಲಿ ಬಂದರೆ ಮನುಷ್ಯ ಅದರತ್ತ ನಡೆಯುತ್ತಾನೆ, ಅಷ್ಟೆ.

ಎಲ್ಲರ ಬಾಯಿ ಮುಚ್ಚಿಸಿದೆ. ಗೋಡೆಯ ಮೇಲಿನ ಕಂಚಿನ ತಟ್ಟೆ ಕಿತ್ತುಕೊಂಡೆ, ಒಲೆಯ ಹತ್ತಿರದಿಂದ ಒಂದು ಸೌದೆ ತುಂಡು ತಂದೆ, ಕಾಲುದಾರಿಯ ತಲೆಯಲ್ಲಿದ್ದ ಬಂಡೆ ಹತ್ತಿದೆ. "ಮೇಡಂ, ಅದು ಆ್ಯಂಟಿಕ್ಕು" ಎಂದು ಲೋಕಪ್ಪನವರು ಗೊಣಗಿದರು. ಬಡಿಯತೊಡಗಿದೆ.

ಎಷ್ಟು ಹೊತ್ತು ಬಡಿದೆನೋ ಹೇಳಲಾರೆ. ಬಲಗೈ ಸೋತಾಗ ಎಡಗೈಗೆ ಬದಲಿಸಿದೆ. ಚೈತ್ರ ನನ್ನ ಕಾಲ ಬಳಿಯೇ ಕುಳಿತಿದ್ದಳು. ಜಗುಲಿಯಿಂದ ದೊಡ್ಡಮ್ಮ, ಲೋಕಪ್ಪನವರು ಇಬ್ಬರೂ ನನ್ನನ್ನು ನೋಡುತ್ತಿದ್ದರು. ಅಷ್ಟು ಹೊತ್ತು ಒಂದೂ ಮಾತಾಡದೆ ಇದ್ದದ್ದು ನನ್ನ ಜೀವನದಲ್ಲೇ ಮೊದಲು.

ಕೊನೆಗೆ ಮಂಜಿನೊಳಗಿಂದ ದೊಡ್ಡಪ್ಪ ಬಂದರು. ಓಡುತ್ತಲೂ ಇರಲಿಲ್ಲ, ಏದುಸಿರೂ ಇರಲಿಲ್ಲ. ತಲೆಯನ್ನು ಎಡಕ್ಕೆ ವಾಲಿಸಿಕೊಂಡು, ಪಕ್ಕದಲ್ಲಿ ನಡೆಯುವವರ ಮಾತು ಕೇಳುವಂತೆ "ಹೂಂ... ಹೂಂ" ಎನ್ನುತ್ತ ಹತ್ತಿ ಬಂದರು. ಪಕ್ಕದಲ್ಲಿ ಯಾರೂ ಇರಲಿಲ್ಲ. ಬಂಡೆಯ ಮೇಲಿದ್ದ ನನ್ನನ್ನು ನೋಡಿ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಸಾಕು ನಿಲ್ಸವ್ವ, ಕಿವಿ ತೂತಾಯ್ತು," ಅಂದರು. ಆಮೇಲೆ ಓಡಿ ಬಂದು ತಬ್ಬಿಕೊಂಡ ಮಗಳ ತಲೆ ಸವರುತ್ತ, "ಆ ಹುಡುಗನ್ನ ಬಿಟ್ಬಿಡ್ತೀನಿ ಅಂದ್ಯಂತೆ? ನನಗೋಸ್ಕರ ಬಿಡ್ತೀಯಾ? ಯಾಕವ್ವ ಬಿಡ್ತೀಯ? ಆಯ್ತು, ಅವರಪ್ಪ ಅಮ್ಮನ್ನ ಮನೆಗೆ ಕರೆಸು" ಅಂದರು.

ಚೈತ್ರ ಅಪ್ಪನನ್ನು ಬಿಟ್ಟು ಹಿಂದೆ ಸರಿದಳು. "ಯಾರಪ್ಪ ನಿಂಗೆ ಹೇಳಿದ್ದು?"

"ಇವಳೇ. ದಾರಿ ಉದ್ದಕ್ಕೂ ಹೇಳ್ಕೊಂಡು ಬಂದಳಲ್ಲ," ಎಂದು ದೊಡ್ಡಪ್ಪ ನನ್ನ ಕಡೆ ಬೆರಳು ತೋರಿಸಿದರು.

ಇಷ್ಟೇ ನಡೆದದ್ದು. ದೊಡ್ಡಮ್ಮ ಕೈ ಮುಗಿದರು. ಲೋಕಪ್ಪನವರ ಕಣ್ಣು ಹೊಳೆಯಿತು. ಅವರ ಗುಡ್ಡದ ತಾಯಿ ಹುಟ್ಟಿದ್ದು ಆ ಗಳಿಗೆಯಲ್ಲೇ ಇರಬೇಕು. ಆಮೇಲೊಮ್ಮೆ ಫೋನಿನಲ್ಲಿ ಅವರನ್ನು ಕೇಳಿದೆ, "ನಿಮ್ಮ ತಾಯಿಗೆ ಸ್ವಂತ ಮುಖ ಇಲ್ಲವೇನ್ರೀ, ನನ್ನದನ್ನು ಯಾಕೆ ತಗೊಂಡಳು?" ಅವರು ನಕ್ಕರು. "ಬಿಡಿ ಮೇಡಂ, ಬಂದೋರಿಗೆ ಖುಷಿಯಾಗುತ್ತೆ. ನಿಮಗೂ ಒಳ್ಳೇ ಹೆಸರೇ ಅಲ್ವಾ?" ಇಂಥವರ ಜೊತೆ ಏನು ವಾದ ಮಾಡುವುದು?

ನನ್ನ ಚರ್ಚಾಕೂಟದ ಗೆಳೆಯರಿಗೆ ಹೇಳಿದಾಗ ಅವರೂ ಅರೆಕ್ಷಣದಲ್ಲಿ ತೀರ್ಪು ಕೊಟ್ಟರು. ನೀನೇ ಚೈತ್ರ ಹತ್ತಿರ ಇಲ್ಲದಾಗ ಬಾಯಿ ಜಾರಿ ಹೇಳಿರುತ್ತೀಯ, ಮರೆತಿದ್ದೀಯ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇದಕ್ಕಿಂತ ಸಮಂಜಸವಾದ ವಿವರಣೆ ಇಲ್ಲ. ಅದು ಸುಳ್ಳು ಎಂದು ಗೊತ್ತಿರುವುದು ಲೋಕದಲ್ಲಿ ನನಗೊಬ್ಬಳಿಗೆ ಮಾತ್ರ, ಅದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ. ಪುರಾವೆ ಇಲ್ಲದೆ "ನನಗೆ ಗೊತ್ತು" ಎನ್ನುವವರಿಗೆ ನಾನು ಎಷ್ಟು ವೇದಿಕೆಗಳ ಮೇಲೆ ನೀರಿಳಿಸಿದ್ದೇನೆ!

ಬಸ್ತಿಹಳ್ಳಿಯಲ್ಲಿ ದೊಡ್ಡಪ್ಪ ಕದ್ದು ಕೇಳಿರಬಹುದೇ? ಅದನ್ನೂ ಬಿಡಲಿಲ್ಲ. ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿ ಅದೇ ಕಂಬದ ಬಳಿ ಮಾತಾಡಿಸಿ, ನಾನು ಕಾರು ನಿಂತಿದ್ದ ಜಾಗದಲ್ಲಿ ನಿಂತೆ. ಕೇಳಿಸಿದ್ದು ಬಸ್ಸಿನ ಹಾರನ್ ಮಾತ್ರ. ಕೇಳಿಸಿತ್ತು ಎಂದೇ ಇಟ್ಟುಕೊಳ್ಳಿ. ಮಗಳು ಸೋಲೊಪ್ಪಿದ್ದಾಳೆಂದು ತಿಳಿದವರು ಮಧ್ಯಾಹ್ನ ಅಷ್ಟು ನೊಂದು ಎದ್ದು ಹೋಗುತ್ತಿದ್ದರೇ? ಮಂಜಿನಲ್ಲಿ ಒಬ್ಬರೇ ಅಲೆಯುತ್ತ ಅವರೇ ಯೋಚಿಸಿ ನನ್ನ ಧ್ವನಿಯಲ್ಲಿ ಕೇಳಿಸಿಕೊಂಡರು ಎನ್ನಬಹುದು. ಮನಸ್ಸು ಬದಲಾದದ್ದಕ್ಕೆ ಅದು ಸಾಕು. ಆದರೆ ಅವರಿಗೆ ಗೊತ್ತೇ ಇಲ್ಲದ ಸಂಗತಿಯನ್ನು ಅವರು ಎಲ್ಲಿಂದ ಯೋಚಿಸಿ ತಂದರು?

ಮದುವೆ ಅರಸೀಕೆರೆಯಲ್ಲಿ ಸರಳವಾಗಿ ಆಯಿತು. ಆ ನಾಲ್ಕು ಜನವೂ ಬಂದು ಎರಡೆರಡು ಸಲ ಪಾಯಸ ಹಾಕಿಸಿಕೊಂಡರು. ಚೈತ್ರ ಈಗಲೂ ನನ್ನ ಕೈ ಹಿಡಿದು, "ನೀನು ಮಾತು ತಪ್ಪಿದ್ದಕ್ಕೇ ಒಳ್ಳೇದಾಯ್ತು ಬಿಡೇ" ಅನ್ನುತ್ತಾಳೆ. ನಾನು ಹೇಳಿಲ್ಲ ಎಂದರೆ ನಂಬುವುದಿಲ್ಲ. ನಾನು ಮಾಡದ ಉಪಕಾರಕ್ಕೆ ನನಗೆ ಥ್ಯಾಂಕ್ಸ್ ಸಿಗುತ್ತಲೇ ಇದೆ.

ಹೋದ ತಿಂಗಳು ತೋಟಕ್ಕೆ ಹೋಗಿದ್ದಾಗ ದೊಡ್ಡಪ್ಪ ಕಾಯಿ ಸುಲಿಯುತ್ತಿದ್ದರು. ಎದುರಿಗೆ ಕುಳಿತು ಸಾಕ್ಷಿಯನ್ನು ಪ್ರಶ್ನಿಸುವಂತೆ ಪ್ರಶ್ನಿಸಿದೆ.

"ದೊಡ್ಡಪ್ಪ, ದಾರೀಲಿ ನಿಮಗೆ ತಟ್ಟೆ ಸದ್ದು ಕೇಳ್ತಿತ್ತಾ?"

"ಕೇಳ್ತಿತ್ತು."

"ಆಗ ನಾನು ನಿಮ್ಮ ಪಕ್ಕದಲ್ಲೇ ಇದ್ದೆನಾ?"

"ಪಕ್ಕದಲ್ಲೇ ಇದ್ದೆ."

"ಹಾಗಾದ್ರೆ ತಟ್ಟೆ ಬಡೀತಿದ್ದೋರು ಯಾರು?"

"ನೀನೇ," ಅಂದರು ತಲೆಯೆತ್ತದೆ. "ಅಲ್ಲೂ ನೀನೇ, ಇಲ್ಲೂ ನೀನೇ. ಅದ್ರಲ್ಲೇನೈತೆ?"

ಇಂಥ ಸಾಕ್ಷಿಯನ್ನು ಯಾವ ವಕೀಲ ಮುರಿಯಬೇಕು? ನನಗೆ ನಿಜವಾಗಿ ಬೇಕಿದ್ದದ್ದು ಆ ಉತ್ತರವಾಗಿರಲಿಲ್ಲ. ಚೈತ್ರ ಬಿಟ್ಟುಬಿಡುತ್ತಾಳೆ ಎನ್ನುವ ಸುದ್ದಿಯೊಂದೇ ಸಾಕಿದ್ದರೆ ಅವರು ಗೆದ್ದೆ ಎಂದು ನಿಟ್ಟುಸಿರು ಬಿಡಬೇಕಿತ್ತು. ಬಿಡಲಿಲ್ಲ. ಅದರ ಜೊತೆಗೆ ಇನ್ನೇನನ್ನೋ ಅವರು ಕೇಳಿಸಿಕೊಂಡಿದ್ದಾರೆ. ಅದೇನೆಂದು ಕೇಳಿದೆ. ದೊಡ್ಡಪ್ಪನ ಕೈ ನಿಂತಿತು. ಒಮ್ಮೆ ನನ್ನ ಮುಖವನ್ನು ಚೆನ್ನಾಗಿ ನೋಡಿ, ಇನ್ನೊಂದು ಕಾಯಿ ಎತ್ತಿಕೊಂಡು ಸುಲಿಯತೊಡಗಿದರು. ಕಾಯಿ ಮುಗಿಯುವವರೆಗೆ ಕಾದು ಮತ್ತೆ ಕೇಳಿದೆ:

"ಊಟದ ಹೊತ್ತಿನಲ್ಲಿ ನಾನಾಡಿದ ಮಾತು ಒಂದಕ್ಕೂ ಬಗ್ಗದೋರು ನೀವು. ಆ ಮಂಜಿನಲ್ಲಿ ನಾನು ಏನು ಹೇಳಿದೆ ಅಂತ ಒಪ್ಪಿದ್ರಿ, ದೊಡ್ಡಪ್ಪ?"