ಉಗುರು ಏರಿದ ರೂಪಾಯಿ

ಅಂಗಡಿಯವನಿಗೆ ಚಿಲ್ಲರೆ ಕೊಡುವ ಮೊದಲು ನಾನು ಒಂದೊಂದು ನಾಣ್ಯದ ಮೇಲೂ ಉಗುರು ಎಳೆಯುವುದನ್ನು ಕಂಡು ಮೊಮ್ಮಕ್ಕಳೆಲ್ಲ ನಗುತ್ತೀರಿ. ಎದುರಿಗೆ ಕೂತು ಹೇಳಲು ನನಗೆ ಸಂಕೋಚ. ಅದಕ್ಕೇ ಬರೆದಿಡುತ್ತಿದ್ದೇನೆ.

ನಿಮ್ಮ ಅಜ್ಜ ಬ್ಯಾಡಗಿಗೆ ಮೆಣಸಿನಕಾಯಿ ಮಾರಲು ಹೋಗಿಬಂದಾಗಲೆಲ್ಲ ಚಿಲ್ಲರೆಯನ್ನು ಕಟ್ಟೆಯ ಮೇಲೆ ಹರವಿ ಟಂಕಸಾಲೆಯ ತಪ್ಪು ಹುಡುಕುತ್ತಿದ್ದರು. ಅಕ್ಷರ ಎರಡೆರಡಾಗಿ ಮೂಡಿದ್ದು, ಚಿತ್ರ ಪಕ್ಕಕ್ಕೆ ಸರಿದು ಅಂಚು ಬೋಳಾಗಿ ಉಳಿದದ್ದು. ಒಮ್ಮೆ ಹಳೆಯ ದಪ್ಪ ರೂಪಾಯಿಯೊಂದು ಸಿಕ್ಕಿತು. ಮೇಲಂಚಿನಿಂದ ನಡುವಿನ ಸಿಂಹದ ಕಡೆಗೆ ಕೂದಲಂಥ ಗೆರೆ. ಯಾರೋ ಗೀರಿದ್ದಾರೆ ಎಂದೆ.

“ಉಗುರು ಎಳದು ನೋಡು,” ಎಂದರು. “ಗೀರಾದ್ರ ಉಗುರು ಇಳೀತೈತಿ. ಇದರ ಮ್ಯಾಲೆ ಏರತೈತಿ.”

ಅದನ್ನು ಗೋಡೆಯ ದೇವರ ಮಾಡದಲ್ಲಿಟ್ಟರು.

ಅವರು ತೀರಿಕೊಂಡ ದಿನ ಹೆಂಗಸರು ಹಣೆಗೆ ಹಚ್ಚಲು ರೂಪಾಯಿ ಕೇಳಿದರು. ನನ್ನ ಕೈಗೆ ಸಿಕ್ಕಿದ್ದು ಅದೇ. ಹಸಿ ವಿಭೂತಿಯ ಮೇಲೆ ನಾನೇ ಹೆಬ್ಬೆರಳಿನಿಂದ ಒತ್ತಿದೆ. ನಮ್ಮಲ್ಲಿ ಆ ರೂಪಾಯಿಯನ್ನು ತೆಗೆಯುವುದಿಲ್ಲ, ಅವರ ಜೊತೆಗೇ ಮಣ್ಣಿಗೆ ಹೋಗುತ್ತದೆ. ನಮ್ಮ ಹೊಲದ ಬದುವಿನಲ್ಲಿ ಅವರನ್ನು ಮಣ್ಣು ಮಾಡಿದರು.

ಮುಂದಿನ ಸುಗ್ಗಿಯ ಹೊತ್ತಿಗೆ ಮೈದುನನ ಹೆಂಡತಿ, ನನ್ನ ನೆಗೆಣ್ಣಿಯ ಜೊತೆ ಹಾವೇರಿಗೆ ಹೋಗಿದ್ದೆ. ಬಸ್‌ ನಿಲ್ದಾಣದಲ್ಲಿ ಎಲೆ ಅಡಿಕೆ ಕೊಂಡು ಚಿಲ್ಲರೆ ಹಿಡಿದು ನಿಂತಿದ್ದಾಗ ಒಂದು ನಾಣ್ಯದ ಮೇಲೆ ಉಗುರು ಏರಿತು. ಅದೇ ದಪ್ಪ ರೂಪಾಯಿ, ಅದೇ ಸಿಂಹ, ಅದೇ ಗೆರೆ. ಮತ್ತೆ ಮತ್ತೆ ತಿರುಗಿಸಿ ನೋಡಿದೆ.

“ಯಕ್ಕಾ, ರೂಪಾಯಿ ಕಂಡು ಹಿಂಗ ಬೆವತೀದಿ, ನೋಟು ಕಂಡ್ರ ಏನ್ ಗತಿ?” ಎಂದು ನೆಗೆಣ್ಣಿ ನಕ್ಕಳು. ಇದು ಅವರ ಜೊತೆ ಮಣ್ಣಿಗೆ ಹೋದ ರೂಪಾಯಿ ಎಂದು ಹೇಳಿದ ಮೇಲೆ ಅವಳ ನಗೆಯೂ ನಿಂತಿತು.

ಊರಿಗೆ ಬಂದವರೇ ಹೊಲಕ್ಕೆ ಹೋದೆವು. ಸಮಾಧಿಯ ಗದ್ದುಗೆಯ ಮೇಲೆ ಹುಲ್ಲು ಹಬ್ಬಿತ್ತು. ತಲೆಯ ಕಡೆ ಮಾತ್ರ ಮಣ್ಣು ಕೆದರಿತ್ತು. ಹೆಗ್ಗಣವೋ ನಾಯಿಯೋ ಮನುಷ್ಯರೋ ತಿಳಿಯಲಿಲ್ಲ. ಅಗೆದು ನೋಡಿಬಿಡೋಣ ಎಂದ ಮೈದುನ. ಮಲಗಿದವರನ್ನು ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಎರಡು ದಿನ ತಡಿ ಎಂದು ಬೇಡಿಕೊಂಡೆ.

ರಾಣೆಬೆನ್ನೂರಿನ ಸಂತೆಯಲ್ಲಿ ಹಳೆಯ ನಾಣ್ಯ ಮಾರುವ ಮುದುಕರೊಬ್ಬರು ನಿಮ್ಮ ಅಜ್ಜನಿಗೆ ಗುರುತಿನವರು. ಸೆರಗಿನ ಗಂಟು ಬಿಚ್ಚಿ ರೂಪಾಯಿ ಅವರ ಮುಂದಿಟ್ಟೆ. ನನ್ನ ಪರವಾಗಿ ನೆಗೆಣ್ಣಿಯೇ ಎಲ್ಲ ಹೇಳಿದಳು. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಟಂಕಸಾಲಿ ಅಚ್ಚು ಸೀಳೈತಿ, ಅಕ್ಕಾರ. ಸೀಳಿದ ಅಚ್ಚು ಬದಲ್ ಮಾಡೂತನ ಬಿದ್ದ ನಾಣ್ಯಕ್ಕೆಲ್ಲ ಈ ಗೆರಿ ಬರತೈತಿ. ಬಡದಂಗ ಬಡದಂಗ ಗೆರಿ ಬೆಳೀತೈತಿ. ಇದರಾಗ ಸಿಂಹದ ಎದಿ ತನಕ ಇಳದೈತಿ. ನಿಮ್ಮವರ ರೂಪಾಯಿದಾಗ ಎಲ್ಲಿಗೆ ನಿಂತಿತ್ರಿ?”

ಕಣ್ಣಿಗೆ ನೆನಪಿರಲಿಲ್ಲ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಗಾಳಿಯಲ್ಲಿ ಒತ್ತಿ ಹಿಡಿದೆ. ಸಂತೆಯ ಬಿಸಿಲಿನಲ್ಲೂ ಬೆರಳಿಗೆ ಆ ಹಣೆಯ ತಂಪು ತಾಗಿತು. ತಂಪಿನ ಮೇಲೆ ಗೆರೆ. ಗೆರೆ ಸಿಂಹದ ನೆತ್ತಿಗೆ ಬಂದು ಮುಗಿದಿತ್ತು. ಕೆಳಗೆ ನುಣುಪು.

“ನೆತ್ತಿಗೆ,” ಎಂದೆ.

“ಹಂಗಾದ್ರ ಅವರದು ಅವರ ಹಂತೇಕ, ಮಣ್ಣಾಗ ಐತಿ. ಇದು ಆಮ್ಯಾಲೆ ಅದೇ ಅಚ್ಚಿನಾಗ ಬಿದ್ದಿದ್ದು.”

ಅಗೆಯುವುದು ಬೇಡವೆಂದು ಮೈದುನನಿಗೆ ಹೇಳಿದೆ. ಕೆದರಿದ ಕಡೆ ಮಣ್ಣು ತುಂಬಿ ಕಲ್ಲಿಟ್ಟ.

ಆ ಅಚ್ಚಿನ ರೂಪಾಯಿಗಳು ಇನ್ನೂ ಎಷ್ಟೋ ಕೈಗಳಲ್ಲಿ ತಿರುಗುತ್ತಿರಬೇಕು. ಉಗುರು ಏರಿದಾಗಲೆಲ್ಲ ನನ್ನ ಹೆಬ್ಬೆರಳು ತಣ್ಣಗಾಗುತ್ತದೆ. ಗೆರೆ ನೆತ್ತಿ ದಾಟಿದೆಯೇ ಎಂದು ನೋಡಿಯೇ ಅಂಗಡಿಯವನಿಗೆ ಕೊಡುತ್ತೇನೆ.